ಡೆಂಗಿಗೆ ಯಾವ ಸೆಲ್ ಮಣಿಯುತ್ತದೆ, ಯಾವುದು ಸೆಣಸುತ್ತದೆ: ಲ್ಯಾಬಿನಲ್ಲಿ ನನ್ನ ಅನುಭವ

ಡೆಂಗಿ ವೈರಸ್ ಮೇಲೆ ಕೆಲಸ ಮಾಡುತ್ತೇನೆ ಅಂದಕೂಡಲೇ ಜನ ವೈರಸ್ ಬಗ್ಗೆಯೇ ಕೇಳುತ್ತಾರೆ. ಎಷ್ಟು ಅಪಾಯ, ಯಾವ ಸೊಳ್ಳೆ, ನಿಮಗೇ ಅಂಟಿಕೊಂಡರೆ ಏನು ಗತಿ. ಆದರೆ ನನ್ನ ಹೊತ್ತು ಜಾಸ್ತಿ ಹೋಗುವುದು ವೈರಸ್ ಹಿಂದೆ ಅಲ್ಲ, ಅದು ಹೊಗುವ ಸೆಲ್‌ಗಳ (ಜೀವಕೋಶಗಳ) ಹಿಂದೆ. ಅವಕ್ಕೆ ಮೀಡಿಯಾ (ಸೆಲ್‌ಗಳನ್ನು ಸಾಕುವ ಪೋಷಕ ದ್ರವ) ಬದಲಿಸಬೇಕು, ಫ್ಲಾಸ್ಕ್ ತುಂಬಿದರೆ ಬೇರೆ ಫ್ಲಾಸ್ಕ್‌ಗೆ ಹಂಚಬೇಕು, ಭಾನುವಾರವೂ ಒಮ್ಮೆ ಹೋಗಿ ನೋಡಿ ಬರಬೇಕು. ವೈರಸ್ ಪಾಡಿಗೆ ವೈರಸ್ ಮೈನಸ್ ಎಂಬತ್ತರ ಫ್ರೀಜರಿನಲ್ಲಿ ಸುಮ್ನೆ ಬಿದ್ದಿರುತ್ತದೆ.

ಡೆಂಗಿಯ ಜೀನೋಮ್ ಅಂದರೆ ಸುಮಾರು 10,700 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಅದರಿಂದ ಆಗುವುದು ಹತ್ತೇ ಪ್ರೋಟೀನ್. ನಮ್ಮ ಸೆಲ್‌ನಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳೇ 20,000ದ ಹತ್ತಿರ ಇವೆ. ಒಲೆ, ಪಾತ್ರೆ, ಸೌದೆ, ಅಕ್ಕಿ ಎಲ್ಲ ಇನ್ನೊಬ್ಬರ ಮನೆಯದು. ವೈರಸ್ ತರುವುದು ಹೇಗೆ ಅಡುಗೆ ಮಾಡಬೇಕು ಅನ್ನುವ ಚೀಟಿ ಮಾತ್ರ. ಹಾಗಾದರೆ ಆ 20,000 ಜೀನ್‌ಗಳಲ್ಲಿ ಯಾವುವು ಅದಕ್ಕೆ ನೆರವಾಗುತ್ತವೆ, ಯಾವುವು ಅಡ್ಡ ನಿಲ್ಲುತ್ತವೆ? ಇದನ್ನು ಹುಡುಕುವುದೇ ನನ್ನ ಕೆಲಸ. ಇದನ್ನು ಹೇಗೆ ಮಾಡಿದೆವು ಅಂತ ಬರೆಯುತ್ತೇನೆ. ಹೊಸದಾಗಿ ವೈರಾಲಜಿಗೆ ಬರುವ ಹುಡುಗ ಹುಡುಗಿಯರಿಗೆ ಉಪಯೋಗ ಆಗಬಹುದು.

ಮೊದಲು ಸೆಲ್ ಆರಿಸುವ ಮಾತು. ವೈರಸ್ ಲ್ಯಾಬ್ ಅಂದರೆ ವೇರೋ ಸೆಲ್ ಇರಲೇಬೇಕು. ಇದು ಆಫ್ರಿಕಾದ ಹಸಿರು ಮಂಗದ ಕಿಡ್ನಿಯಿಂದ 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಮಾಡಿದ ಸೆಲ್. ಡೆಂಗಿ, ಚಿಕೂನ್‌ಗುನ್ಯ, ಕೋವಿಡ್, ಯಾವುದನ್ನು ಹಾಕಿದರೂ ಬೆಳೆಸಿಕೊಡುತ್ತದೆ. ಎಷ್ಟು ಒಳ್ಳೆಯ ಸೆಲ್ ಅಂತ ಅನಿಸುತ್ತದೆ, ಅಲ್ವಾ? ಅದರ ಒಳ್ಳೆಯತನಕ್ಕೆ ಒಂದು ಕಾರಣ ಇದೆ. ಟೈಪ್ ಒಂದು ಇಂಟರ್‌ಫೆರಾನ್ ಮಾಡುವ ಜೀನ್‌ಗಳೇ ಅದರಲ್ಲಿ ಅಳಿಸಿಹೋಗಿವೆ. ಅಕ್ಕಪಕ್ಕದ ಸೆಲ್‌ಗಳಿಗೆ 'ವೈರಸ್ ಬಂತು' ಅಂತ ಸುದ್ದಿ ಮುಟ್ಟಿಸುವ ಪ್ರೋಟೀನೇ ಇಂಟರ್‌ಫೆರಾನ್. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಇದನ್ನು ಕಂಡುಹಿಡಿದರು. ವೇರೋ ಈ ಸುದ್ದಿಯನ್ನು ಕಳಿಸಲಾರದು. ಆದರೆ ಹೊರಗಿನಿಂದ ಬಂದರೆ ಕೇಳಿಸಿಕೊಳ್ಳುತ್ತದೆ. ಕಿವಿ ಇದೆ, ಬಾಯಿ ಇಲ್ಲ.

ಇದನ್ನು ಕಣ್ಣಾರೆ ನೋಡುವುದು ಸುಲಭ. ಪ್ಲಾಕ್ ಅಸ್ಸೇ ಮಾಡಿದರೆ ಸಾಕು. ಪ್ಲೇಟಿನಲ್ಲಿ ಸೆಲ್‌ಗಳನ್ನು ಹಾಸಿಗೆಯ ಹಾಗೆ ಬೆಳೆಸಿ, ವೈರಸ್ಸನ್ನು ಹತ್ತು ಪಟ್ಟಿನಂತೆ ತೆಳುವಾಗಿಸುತ್ತಾ ಹೋಗಿ ಹಾಕುತ್ತೇವೆ. ಒಂದು ಗಂಟೆ 37 ಡಿಗ್ರಿಯಲ್ಲಿ ಇಟ್ಟು, ಕಾಲು ಗಂಟೆಗೊಮ್ಮೆ ಪ್ಲೇಟನ್ನು ನಿಧಾನವಾಗಿ ಅಲುಗಿಸುತ್ತೇವೆ. ಆಮೇಲೆ ಮಿಥೈಲ್ ಸೆಲ್ಯುಲೋಸ್ ಸೇರಿಸಿದ ಮಂದ ಮೀಡಿಯಾ ಸುರಿಯುತ್ತೇವೆ. ಮೇಲೆ ಮಂದ ಇದ್ದರೆ ವೈರಸ್ ದೂರ ಹೋಗಲಾರದು, ಪಕ್ಕದ ಸೆಲ್‌ಗೆ ಮಾತ್ರ ಹರಡುತ್ತದೆ. ಸುಮಾರು ಒಂದು ವಾರ ಬಿಟ್ಟು ಕ್ರಿಸ್ಟಲ್ ವಯಲೆಟ್ ಹಾಕಿದರೆ ಬದುಕಿದ ಸೆಲ್‌ಗಳು ನೇರಳೆ, ಸತ್ತ ಜಾಗ ಬಿಳಿ ಚುಕ್ಕೆ. ಚುಕ್ಕೆ ಎಣಿಸಿದರೆ ವೈರಸ್ ಲೆಕ್ಕ ಸಿಗುತ್ತದೆ. ರೆನಾಟೊ ಡುಲ್ಬೆಕೊ 1952ರಲ್ಲಿ ಪ್ರಾಣಿಗಳ ವೈರಸ್‌ಗೆ ಹೊಂದಿಸಿದ ಈ ವಿಧಾನವನ್ನು ಇವತ್ತಿಗೂ ಹೆಚ್ಚು ಬದಲಿಸದೆ ಮಾಡುತ್ತೇವೆ.

ವೇರೋಗೆ ಹಿಂದಿನ ದಿನವೇ ಇಂಟರ್‌ಫೆರಾನ್ ಕೊಟ್ಟು ಮರುದಿನ ವೈರಸ್ ಹಾಕಿ. ಚುಕ್ಕೆಗಳು ಸಿಕ್ಕಾಪಟ್ಟೆ ಇಳಿಯುತ್ತವೆ. ಅದೇ ಇಂಟರ್‌ಫೆರಾನನ್ನು ವೈರಸ್ ಹೊಕ್ಕು ಕೆಲವು ಗಂಟೆಗಳಾದ ಮೇಲೆ ಕೊಟ್ಟರೆ ಅಂಥ ಪ್ರಯೋಜನ ಕಾಣುವುದಿಲ್ಲ. ಅಷ್ಟರಲ್ಲಿ ವೈರಸ್ ಒಳಗೆ ಬೇರು ಬಿಟ್ಟಿರುತ್ತದೆ. ಡೆಂಗಿಯ ಎನ್‌ಎಸ್5 ಅನ್ನುವ ಪ್ರೋಟೀನ್ ಇಂಟರ್‌ಫೆರಾನಿನ ಸುದ್ದಿಯನ್ನು ಸೆಲ್ ಒಳಗೆ ಸಾಗಿಸುವ ಸ್ಟ್ಯಾಟ್2 ಪ್ರೋಟೀನನ್ನೇ ನಾಶ ಮಾಡಿಸುತ್ತದೆ. ಮಜಾ ಅಂದರೆ ಎನ್‌ಎಸ್5 ಮನುಷ್ಯರ ಸ್ಟ್ಯಾಟ್2ವನ್ನು ಮುಗಿಸುತ್ತದೆ, ಇಲಿಯದನ್ನು ಮುಗಿಸಲಾರದು. ಸಾಮಾನ್ಯ ಲ್ಯಾಬ್ ಇಲಿಗಳಲ್ಲಿ ಡೆಂಗಿ ಸರಿಯಾಗಿ ಬೆಳೆಯದೆ ಇರುವುದಕ್ಕೆ ಇದೊಂದು ದೊಡ್ಡ ಕಾರಣ. ಅದಕ್ಕೇ ಇಂಟರ್‌ಫೆರಾನಿನ ಸುದ್ದಿ ಹಿಡಿಯುವ ಗ್ರಾಹಕ ಪ್ರೋಟೀನ್‌ಗಳೇ ಇಲ್ಲದ ಎಜಿ129 ಇಲಿಗಳನ್ನು ಬಳಸುತ್ತಾರೆ. ಅಂಥ ಇಲಿಯಲ್ಲಿ ಕೆಲಸ ಮಾಡಿದ ಔಷಧಿಯ ಸುದ್ದಿ ಪೇಪರಿನಲ್ಲಿ ಬಂದಾಗ ನಾನು ಸ್ವಲ್ಪ ತಡೆದು ಓದುತ್ತೇನೆ.

ಶ್ವಾಸಕೋಶದ ಕ್ಯಾನ್ಸರಿನಿಂದ ಬಂದ ಎ549 ಅನ್ನುವ ಮನುಷ್ಯರ ಸೆಲ್ ವೇರೋಗೆ ಪೂರ್ತಿ ಉಲ್ಟಾ. ಬಾಯಿಯೂ ಇದೆ, ಕಿವಿಯೂ ಇದೆ. ಅದರಲ್ಲಿ ವೈರಸ್ ಹರಡುವುದಕ್ಕೆ ಕಷ್ಟಪಡುತ್ತದೆ. ರುಕ್ಸೋಲಿಟಿನಿಬ್ ಅನ್ನುವ ಮಾತ್ರೆಯ ರಾಸಾಯನಿಕವನ್ನು ಸ್ವಲ್ಪ ಹಾಕಿದರೆ ಇಂಟರ್‌ಫೆರಾನ್ ಸುದ್ದಿ ಸಾಗುವ ದಾರಿ ಮುಚ್ಚುತ್ತದೆ, ವೈರಸ್ ಏರುತ್ತದೆ. ಜೀನ್ ಕತ್ತರಿಸುವ ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ಈ ಚಿಕ್ಕ ಪರೀಕ್ಷೆ ಮಾಡಿ ಅಂತ ಎಲ್ಲರಿಗೂ ಹೇಳುತ್ತೇನೆ. ನಿಮ್ಮ ಕೈಯಲ್ಲಿರುವ ಸೆಲ್ ಸೆಣಸುತ್ತಿದೆಯೋ, ಸುಮ್ಮನೆ ಮಣಿಯುತ್ತಿದೆಯೋ ಅನ್ನುವುದು ಕಡಿಮೆ ಖರ್ಚಿನಲ್ಲಿ ಗೊತ್ತಾಗುತ್ತದೆ.

ವೈರಸ್ ದಾಸ್ತಾನು ಬೆಳೆಸುವುದಕ್ಕೆ ಮಾತ್ರ ನಾವು ಸಿ6/36 ಬಳಸುತ್ತೇವೆ. ಇದು ಈಡಿಸ್ ಆಲ್ಬೋಪಿಕ್ಟಸ್ ಸೊಳ್ಳೆಯ ಸೆಲ್, 28 ಡಿಗ್ರಿಯಲ್ಲಿ ಬೆಳೆಯುತ್ತದೆ. ಸೊಳ್ಳೆಗಳಲ್ಲಿ ನಮ್ಮ ಥರದ ಇಂಟರ್‌ಫೆರಾನ್ ಇಲ್ಲ. ವೈರಸ್‌ನ ಆರ್‌ಎನ್‌ಎಯನ್ನು ಚೂರು ಮಾಡುವ ಆರ್‌ಎನ್‌ಎಐ ಅವುಗಳ ಮುಖ್ಯ ರಕ್ಷಣೆ. ಈ ಸೆಲ್‌ನಲ್ಲಿ ಅದೂ ಕೆಟ್ಟಿದೆ. ಅಂದರೆ ಲ್ಯಾಬಿನಲ್ಲಿ ನಮಗೆ ಪ್ರಿಯವಾದ ಸೆಲ್‌ಗಳಲ್ಲಿ ಹೆಚ್ಚಿನವು ಯಾವುದೋ ಒಂದು ಕಡೆ ಸೋತ ಸೆಲ್‌ಗಳೇ.

ಈಗ ಮುಖ್ಯ ಪ್ರಯೋಗಕ್ಕೆ ಬರೋಣ. ಕ್ರಿಸ್ಪರ್ ಸ್ಕ್ರೀನ್, ಅಂದರೆ ಜೀನ್ ಕತ್ತರಿಸುವ ಕ್ರಿಸ್ಪರ್ ಉಪಕರಣದಿಂದ ಸಾವಿರಾರು ಜೀನ್‌ಗಳನ್ನು ಒಟ್ಟಿಗೇ ಜಾಲಿಸುವುದು. ಉಪಾಯ ಸರಳ: ಒಂದೊಂದು ಸೆಲ್‌ನಲ್ಲಿ ಒಂದೊಂದು ಜೀನ್ ಕೆಡಿಸಿ, ಎಲ್ಲದರ ಮೇಲೂ ಡೆಂಗಿ ಸುರಿಯುವುದು. ವೈರಸ್‌ಗೆ ಬೇಕೇಬೇಕಾದ ಜೀನ್ ಕೆಟ್ಟಿರುವ ಸೆಲ್ ಸಾಯುವುದಿಲ್ಲ. ಬದುಕಿದವರನ್ನು ಹಿಡಿದು 'ನಿನ್ನಲ್ಲಿ ಏನು ಕೆಟ್ಟಿದೆ' ಅಂತ ಸೀಕ್ವೆನ್ಸಿಂಗ್ ಮಾಡಿ (ಡಿಎನ್‌ಎ ಅಕ್ಷರ ಓದಿ) ಕೇಳುವುದು.

ಲೆಕ್ಕ ಮಾತ್ರ ಸರಳ ಅಲ್ಲ. ನಾವು ಬಳಸಿದ್ದು ಬ್ರುನೆಲ್ಲೊ ಲೈಬ್ರರಿ, ಅಂದರೆ ಗೈಡ್‌ಗಳ ಒಂದು ಸಂಗ್ರಹ. ಯಾವ ಜೀನ್ ಕತ್ತರಿಸಬೇಕು ಅಂತ ಕ್ರಿಸ್ಪರ್‌ಗೆ ತೋರಿಸುವ ಆರ್‌ಎನ್‌ಎ ತುಣುಕೇ ಗೈಡ್. ಅದರಲ್ಲಿ 19,114 ಜೀನ್‌ಗಳಿಗೆ 76,441 ಗೈಡ್‌ಗಳಿವೆ, ಒಂದು ಜೀನಿಗೆ ನಾಲ್ಕರಂತೆ. ಪ್ರತಿ ಗೈಡ್ ಕನಿಷ್ಠ 500 ಸೆಲ್‌ಗಳಲ್ಲಿ ಇರಬೇಕು ಅಂದರೆ 3.8 ಕೋಟಿ ಸೆಲ್ ಬೇಕು. ಗೈಡ್‌ಗಳನ್ನು ಲೆಂಟಿವೈರಸ್ (ಜೀನ್ ಸಾಗಿಸಲು ಬಳಸುವ ಬೇರೊಂದು ವೈರಸ್) ಮೂಲಕ ಒಳಗೆ ಕಳಿಸುತ್ತೇವೆ. ಒಂದು ಸೆಲ್‌ಗೆ ಎರಡು ಗೈಡ್ ಹೋಗಬಾರದು ಅಂತ ಲೆಂಟಿವೈರಸ್ಸನ್ನು ಬೇಕಂತಲೇ ಕಡಿಮೆ ಹಾಕುತ್ತೇವೆ, ಸರಾಸರಿ ಒಂದು ಸೆಲ್‌ಗೆ 0.3 ವೈರಸ್ ಕಣದ ಪ್ರಮಾಣದಲ್ಲಿ. ಆಗ ನಾಲ್ಕರಲ್ಲಿ ಒಂದು ಸೆಲ್‌ಗೆ ಮಾತ್ರ ಗೈಡ್ ಸಿಗುತ್ತದೆ, ಉಳಿದವು, ಗೈಡ್ ಸಿಗದ ಸೆಲ್‌ಗಳನ್ನು ಕೊಲ್ಲುವ ಪ್ಯೂರೋಮೈಸಿನ್ ಔಷಧಿ ಹಾಕಿದಾಗ ಸಾಯುತ್ತವೆ. ಹಾಗಾಗಿ ಶುರುವಿನಲ್ಲೇ 15 ಕೋಟಿ ಸೆಲ್ ಬೆಳೆಸಿಕೊಳ್ಳಬೇಕು. ದೊಡ್ಡ ಫ್ಲಾಸ್ಕ್‌ಗಳು ಇನ್‌ಕ್ಯುಬೇಟರಿನಲ್ಲಿ ಒಂದರ ಮೇಲೊಂದು ಕೂತಿರುತ್ತವೆ, ಬೇರೆಯವರಿಗೆ ಜಾಗ ಇರುವುದಿಲ್ಲ. ಮೊದಲೇ ಎಲ್ಲರ ಹತ್ತಿರ ಮಾತಾಡಿಕೊಂಡಿದ್ದರೆ ಒಳ್ಳೆಯದು.

ಹಂಚುವಾಗ ಪ್ರತಿ ಸಲವೂ ಆ 3.8 ಕೋಟಿ ಉಳಿಯಲೇಬೇಕು. ಮೀಡಿಯಾಗೆ ಸೇರಿಸುವ ಸೀರಮ್ ದುಬಾರಿ ಅಂತ ಅರ್ಧ ಸೆಲ್‌ಗಳನ್ನು ಚೆಲ್ಲಿದರೆ ಗೈಡ್‌ಗಳೂ ಅವುಗಳ ಜೊತೆಗೇ ಹೋಗುತ್ತವೆ. ಆಮೇಲೆ ಯಾವ ಸಾಫ್ಟ್‌ವೇರೂ ಅವನ್ನು ವಾಪಸ್ ತರುವುದಿಲ್ಲ.

ಇಂಥ ಸ್ಕ್ರೀನಿಗೆ ಯಾವ ಸೆಲ್? ಇಲ್ಲಿ ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆಯಿತು. ಮನುಷ್ಯರ ಸೆಲ್, ರಕ್ಷಣೆಯೂ ಗಟ್ಟಿ ಇದೆ, ನಿಜ ಜೀವನಕ್ಕೆ ಹತ್ತಿರ ಅಂತ ಕೆಲವರು ಎ549 ಅಂದರು. ನಾನು ಬೇಡ ಅಂದೆ. ಸೆಲ್‌ಗೆ ಬಾಯಿ ಇದ್ದರೆ ಮೊದಲು ಸೋಂಕು ತಗುಲಿದ ಸೆಲ್ ಇಂಟರ್‌ಫೆರಾನ್ ಬಿಡುತ್ತದೆ. ಸುತ್ತಲಿನ ಸೆಲ್‌ಗಳೆಲ್ಲ ಎಚ್ಚರವಾಗಿ ಬದುಕಿಕೊಳ್ಳುತ್ತವೆ, ಅವುಗಳಲ್ಲಿ ಯಾವ ಜೀನ್ ಕೆಟ್ಟಿದ್ದರೂ ಸರಿ. ಬದುಕಿದ ಸೆಲ್ ತನ್ನ ಗುಣದಿಂದ ಬದುಕಿತೋ ಪಕ್ಕದವನ ಪುಣ್ಯದಿಂದಲೋ ಗೊತ್ತಾಗುವುದಿಲ್ಲ. ಹಾಗಾಗಿ ಹುಹ್7.5 ಆರಿಸಿದೆವು. ಇದು ಯಕೃತ್ತಿನ ಕ್ಯಾನ್ಸರ್ ಸೆಲ್. ಇದರಲ್ಲಿ ವೈರಸ್ ಆರ್‌ಎನ್‌ಎಯ ವಾಸನೆ ಹಿಡಿಯುವ ರಿಗ್-ಐ ಪ್ರೋಟೀನಿನಲ್ಲಿ ಒಂದು ಅಕ್ಷರ ತಪ್ಪಿದ್ದು, ಅದು ಕೆಲಸ ಮಾಡುವುದಿಲ್ಲ. ನೆರವಾಗುವ ಜೀನ್ ಹುಡುಕಬೇಕಿದ್ದರೆ ಅಡ್ಡಗಟ್ಟುವವರು ಸುಮ್ಮನಿರಬೇಕು.

ಡೆಂಗಿ ಹಾಕಿದ ಮೇಲೆ ಸೆಲ್‌ಗಳು ಉಬ್ಬಿ, ದುಂಡಗಾಗಿ, ಕಿತ್ತುಕೊಂಡು ತೇಲತೊಡಗುತ್ತವೆ. ಸತ್ತವನ್ನು ತೊಳೆದು ಹೊಸ ಮೀಡಿಯಾ ಹಾಕುತ್ತಾ ಕಾಯಬೇಕು. ಅಲ್ಲೊಂದು ಇಲ್ಲೊಂದು ಗುಂಪು ನಿಧಾನವಾಗಿ ಬೆಳೆಯುತ್ತದೆ. ನೋಡಿದರೆ ಖುಷಿಯಾಗುತ್ತದೆ, ಆದರೆ ಆ ಗುಂಪುಗಳನ್ನೆಲ್ಲ ನಂಬಬಾರದು. ಡೆಂಗಿ ಕೆಲವು ಸೆಲ್‌ಗಳನ್ನು ಕೊಲ್ಲದೆ ಒಳಗೇ ಠಿಕಾಣಿ ಹೂಡುತ್ತದೆ. ಸೆಲ್ ಬದುಕಿದೆ, ವೈರಸ್ಸೂ ಬದುಕಿದೆ. 4ಜಿ2 ಅನ್ನುವ ಆಂಟಿಬಾಡಿ ಈ ಕುಟುಂಬದ ವೈರಸ್‌ಗಳ ಹೊರಕವಚವನ್ನು ಗುರುತಿಸುತ್ತದೆ. ಅದನ್ನು ಹಾಕಿ ನೋಡಿದರೆ ಒಳಗೆ ಬಾಡಿಗೆದಾರ ಇದ್ದಾನೋ ಇಲ್ಲವೋ ಗೊತ್ತಾಗುತ್ತದೆ. ಒಂದೇ ಜೀನಿನ ನಾಲ್ಕು ಗೈಡ್‌ಗಳಲ್ಲಿ ಮೂರಾದರೂ ಬದುಕಿದ ಸೆಲ್‌ಗಳ ಪಟ್ಟಿಯಲ್ಲಿ ಮೇಲೆ ಬಂದರೆ ಮಾತ್ರ ನಾನು ಆ ಜೀನಿನ ಕಡೆ ತಿರುಗಿ ನೋಡುತ್ತೇನೆ. ಒಂದೇ ಗೈಡ್ ಎಷ್ಟು ಎತ್ತರಕ್ಕೆ ಹಾರಿದರೂ ಅದು ಹೆಚ್ಚಾಗಿ ಅದೃಷ್ಟದ ಆಟ.

ನಮ್ಮ ಪಟ್ಟಿಯ ತುದಿಯಲ್ಲಿ ಬಂದದ್ದು ಎಸ್‌ಟಿಟಿ3ಎ, ಎಸ್‌ಟಿಟಿ3ಬಿ, ಅವುಗಳ ಜೊತೆಗಾರ ಪ್ರೋಟೀನ್‌ಗಳು, ಆಮೇಲೆ ಇಎಂಸಿ ಅನ್ನುವ ಪ್ರೋಟೀನ್ ಗುಂಪು. ಎಲ್ಲವೂ ಇರುವುದು ಸೆಲ್‌ನ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ (ಪ್ರೋಟೀನ್ ತಯಾರಾಗುವ ಜಾಲ) ಪೊರೆಯಲ್ಲಿ. ಡೆಂಗಿ ತನ್ನ ಆರ್‌ಎನ್‌ಎ ನಕಲು ಮಾಡುವುದೂ ಆ ಪೊರೆಯ ಮೇಲೇ. ಇದು ಹೊಸ ಸಂಗತಿಯೇನೂ ಅಲ್ಲ. ಸ್ಟ್ಯಾನ್‌ಫರ್ಡ್‌ನ ಯಾನ್ ಕ್ಯಾರೆಟ್ ಅವರ ತಂಡ 2016ರಲ್ಲೇ ಇದನ್ನು ತೋರಿಸಿತ್ತು. ಬೇರೆ ಕೈಗಳಲ್ಲಿ, ಬೇರೆ ಲೈಬ್ರರಿಯಲ್ಲಿ ಮಾಡಿದಾಗಲೂ ಅದೇ ಹೆಸರುಗಳು ಬಂದವಲ್ಲ, ಅದೇ ನಮಗೆ ಸಮಾಧಾನ. ಪಟ್ಟಿಯಲ್ಲಿ ಇನ್ನೊಂದು ಗಮನಿಸುವ ವಿಷಯ: ಸೆಲ್‌ನ ಹೊರಬಾಗಿಲಿನ ಗ್ರಾಹಕ ಪ್ರೋಟೀನ್ ಯಾವುದೂ ತುದಿಗೆ ಬರಲಿಲ್ಲ. ಹೆಪಟೈಟಿಸ್ ಸಿ ವೈರಸ್ ಹಾಕಿ ಇದೇ ಥರ ಸ್ಕ್ರೀನ್ ಮಾಡಿದರೆ ಸಿಡಿ81 ಅನ್ನುವ ಗ್ರಾಹಕ ಎದ್ದು ಕಾಣುತ್ತದೆ. ಡೆಂಗಿಗೆ ಒಂದೇ ಬಾಗಿಲಿಲ್ಲ, ಸಿಕ್ಕ ಕಡೆ ಹಿಡಿದು ಹತ್ತುತ್ತದೆ.

ಸೆಲ್‌ನ ಹೊರಮೈಯಲ್ಲಿರುವ ಹೆಪರಾನ್ ಸಲ್ಫೇಟ್ ಅನ್ನುವ ಸಕ್ಕರೆಯ ಸರ ಮಾಡುವ ಜೀನ್‌ಗಳು ಪಟ್ಟಿಯಲ್ಲಿ ಬಂದರೆ ಸ್ವಲ್ಪ ಹುಷಾರು. ವೈರಸ್ಸನ್ನು ಲ್ಯಾಬಿನ ಸೆಲ್‌ಗಳಲ್ಲಿ ಪದೇ ಪದೇ ಬೆಳೆಸಿದರೆ ಅದು ಈ ಸಕ್ಕರೆಗೆ ಜಾಸ್ತಿ ಅಂಟಿಕೊಳ್ಳುವಂತೆ ಬದಲಾಗುತ್ತದೆ. ಆಗ ನೀವು ಓದುತ್ತಿರುವುದು ರೋಗಿಯ ಮೈಯಲ್ಲಿರುವ ವೈರಸ್ಸನ್ನಲ್ಲ, ನಿಮ್ಮ ಫ್ಲಾಸ್ಕ್‌ಗೆ ಒಗ್ಗಿಹೋದದ್ದನ್ನು.

ಎಸ್‌ಟಿಟಿ3ಎ ಕೆಡಿಸಿದ ಸೆಲ್‌ನಲ್ಲಿ ಡೆಂಗಿ ಬಹುಮಟ್ಟಿಗೆ ನಿಂತುಹೋಗುತ್ತದೆ. ಇದು ಆ ಜೀನಿನಿಂದಲೇ ಅಂತ ಖಾತ್ರಿಯಾಗಬೇಕಾದರೆ ಜೀನನ್ನು ವಾಪಸ್ ಕೊಟ್ಟು ನೋಡಬೇಕು. ಗೈಡ್ ಮತ್ತೆ ಕತ್ತರಿಸದಂತೆ ಅದರ ಅಕ್ಷರಗಳನ್ನು, ಪ್ರೋಟೀನ್ ಬದಲಾಗದ ಹಾಗೆ, ಸ್ವಲ್ಪ ಬೇರೆ ಬರೆದು ಕೊಡುತ್ತೇವೆ. ಕೊಟ್ಟ ಮೇಲೆ ವೈರಸ್ ಮತ್ತೆ ಬೆಳೆಯಿತು. ಎಸ್‌ಟಿಟಿ3ಎ ನಿಜವಾಗಿ ಮಾಡುವುದು ಪ್ರೋಟೀನ್‌ಗಳಿಗೆ ಸಕ್ಕರೆಯ ಸರ ಸಿಕ್ಕಿಸುವ ಕೆಲಸ. ಆದರೆ ಆ ಕೆಲಸ ಮಾಡಲಾಗದ, ಸತ್ತ ಎಸ್‌ಟಿಟಿ3ಎ ಕೊಟ್ಟರೂ ಡೆಂಗಿ ಬೆಳೆಯುತ್ತದೆ! ಸ್ಟ್ಯಾನ್‌ಫರ್ಡ್ ತಂಡ ಇದನ್ನೂ ತೋರಿಸಿದೆ. ವೈರಸ್‌ಗೆ ಬೇಕಾದದ್ದು ಅದರ ದುಡಿಮೆ ಅಲ್ಲ, ಅದು ಅಲ್ಲಿ ನಿಂತಿರುವುದಷ್ಟೇ. ಈ ಫಲಿತಾಂಶ ನನಗೆ ಇವತ್ತಿಗೂ ತುಂಬಾ ಇಷ್ಟ. ಜೀನ್ ಹೆಸರು ನೋಡಿ 'ಓಹೋ, ಸಕ್ಕರೆ ಸೇರಿಸುವುದಕ್ಕೆ ಬೇಕು' ಅಂತ ಕತೆ ಕಟ್ಟುವವರಿಗೆ ಇದನ್ನೇ ತೋರಿಸುತ್ತೇನೆ.

ಇಂಥ ಜೀನ್‌ಗಳ ಮೇಲೆ ಔಷಧಿ ಮಾಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಎಸ್‌ಟಿಟಿ3ಎ, ಎಸ್‌ಟಿಟಿ3ಬಿ ಗುಂಪನ್ನು ತಡೆಯುವ ಎನ್‌ಜಿಐ-1 ಅನ್ನುವ ರಾಸಾಯನಿಕ ಡಿಶ್‌ನಲ್ಲಿ ಡೆಂಗಿಯನ್ನೂ ಝೀಕಾವನ್ನೂ ತಡೆಯುತ್ತದೆ ಅಂತ 2017ರಲ್ಲಿ ಪ್ರಕಟವಾಗಿದೆ. ಸೆಲ್‌ನ ಪ್ರೋಟೀನನ್ನು ಹಿಡಿದರೆ ವೈರಸ್ ರೂಪ ಬದಲಿಸಿ ತಪ್ಪಿಸಿಕೊಳ್ಳುವುದು ಕಷ್ಟ. ಆದರೆ ಆ ಪ್ರೋಟೀನ್ ನಮಗೂ ಬೇಕಲ್ಲ. ಎಚ್‌ಐವಿಯಲ್ಲಿ ಈ ದಾರಿ ಕೈಗೂಡಿತು. ಸಿಸಿಆರ್5 ಗ್ರಾಹಕದ ಜೀನಿನಲ್ಲಿ ತಂದೆಯಿಂದ ಬಂದದ್ದರಲ್ಲೂ ತಾಯಿಯಿಂದ ಬಂದದ್ದರಲ್ಲೂ 32 ಅಕ್ಷರ ಬಿಟ್ಟುಹೋದವರು ಆರೋಗ್ಯವಾಗೇ ಇರುತ್ತಾರೆ, ಹೆಚ್ಚಿನ ಎಚ್‌ಐವಿ ತಳಿಗಳು ಅವರಿಗೆ ತಗುಲುವುದಿಲ್ಲ. ಅದನ್ನು ನೋಡಿಯೇ ಸಿಸಿಆರ್5 ತಡೆಯುವ ಮರಾವಿರೋಕ್ ಔಷಧಿ ಬಂತು, 2007ರಲ್ಲಿ ಒಪ್ಪಿಗೆ ಸಿಕ್ಕಿತು. ಎಸ್‌ಟಿಟಿ3ಎ ಹಾಗಲ್ಲ. ಅದು ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಿಗೆ ಗಂಭೀರ ತೊಂದರೆ ಇರುತ್ತದೆ. ಹಾಗಾಗಿ ನಾನು ಇದರಿಂದ ನಾಳೆಯೇ ಮಾತ್ರೆ ಬರುತ್ತದೆ ಅಂತ ಹೇಳುವವನಲ್ಲ.

ಊರಿಗೆ ಹೋದಾಗ ಸೊರಬದ ಕಡೆಯ ದೊಡ್ಡಪ್ಪ ಕೇಳಿದ್ದರು: "ಡೆಂಗಿ ಸರಿ ಮಾರಾಯ, ನಮ್ಮ ಮಂಗನ ಕಾಯಿಲೆದು ನೋಡ್ತೀರೋ ಇಲ್ವೋ?" ಕೇಳುವುದು ಸರಿಯೇ. 1957ರಲ್ಲಿ ಅದು ಗೊತ್ತಾದದ್ದು ಅದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ವೈರಸ್ಸೂ ಡೆಂಗಿಯ ಕುಟುಂಬದ್ದೇ. "ದೊಡ್ಡಪ್ಪ, ಅದನ್ನು ಮುಟ್ಟೋಕೆ ಇನ್ನೂ ಬಿಗಿ ಲ್ಯಾಬ್ ಬೇಕು, ನಮ್ಮಲ್ಲಿ ಆಗಲ್ಲ" ಅಂದೆ. ಡೆಂಗಿಯನ್ನು ನಾವು ಎರಡನೇ ಹಂತದ ಸುರಕ್ಷತೆಯಲ್ಲಿ ಮಾಡುತ್ತೇವೆ, ಮಂಗನ ಕಾಯಿಲೆಗೆ ಅದು ಸಾಲದು. ಆ ಕಾಯಿಲೆಗೆ ದಶಕಗಳ ಕಾಲ ಕೊಟ್ಟ ಲಸಿಕೆಯ ವೈರಸ್ಸನ್ನು ಬೆಳೆಸಿದ್ದು ಕೋಳಿ ಭ್ರೂಣದ ಸೆಲ್‌ಗಳಲ್ಲಿ, ಆಮೇಲೆ ಫಾರ್ಮಲಿನ್ ಹಾಕಿ ಕೊಂದು.

ಅಡ್ಡ ನಿಲ್ಲುವ ಜೀನ್‌ಗಳ ಹುಡುಕಾಟ ಬೇರೆಯದೇ ಕೆಲಸ. ಬದುಕಿದವರನ್ನು ಎಣಿಸುವ ಆಟ ಅಲ್ಲಿ ನಡೆಯುವುದಿಲ್ಲ. ರಕ್ಷಣೆಯ ಜೀನ್ ಕೆಟ್ಟ ಸೆಲ್ ಎಲ್ಲರಿಗಿಂತ ಮೊದಲು ಸಾಯುತ್ತದಲ್ಲ! ಅದಕ್ಕೇ ಈಗ ಎ549ಕ್ಕೆ ವಾಪಸ್ ಬಂದಿದ್ದೇವೆ. ಇಂಟರ್‌ಫೆರಾನ್ ಕೊಟ್ಟು, ವೈರಸ್ ಹಾಕಿ, ಸೆಲ್‌ಗಳು ಸಾಯುವ ಮುಂಚೆಯೇ ಫಿಕ್ಸ್ ಮಾಡಿ (ರಾಸಾಯನಿಕ ಹಾಕಿ ಇದ್ದ ಹಾಗೇ ನಿಲ್ಲಿಸಿ), ಹೊಳೆಯುವ ಬಣ್ಣದ ಜೊತೆ 4ಜಿ2 ಹಾಕಿ, ಹೊಳಪು ನೋಡಿ ಸೆಲ್‌ಗಳನ್ನು ಬೇರ್ಪಡಿಸುವ ಸಾರ್ಟರಿನಲ್ಲಿ ಬಿಡುತ್ತೇವೆ. ಅತಿ ಹೆಚ್ಚು ಹೊಳೆಯುವ, ಅಂದರೆ ವೈರಸ್ ಹೆಚ್ಚಿರುವ, ಸೆಲ್‌ಗಳನ್ನು ಬೇರೆ ಟ್ಯೂಬಿಗೆ ಹಿಡಿಯುವುದು. ಫಿಕ್ಸ್ ಮಾಡದೆ ಸಾರ್ಟರಿಗೆ ಹಾಕಬೇಡಿ, ಅದು ಸಣ್ಣ ಹನಿಗಳನ್ನು ಗಾಳಿಗೆ ಹಾರಿಸುತ್ತದೆ. ಫಿಕ್ಸ್ ಮಾಡಿದ ಸೆಲ್‌ನಿಂದ ಡಿಎನ್‌ಎ ತೆಗೆಯುವುದು ಕಿರಿಕಿರಿ, ಪ್ರೋಟೀನೇಸ್ ಕೆ ಹಾಕಿ ರಾತ್ರಿಯಿಡೀ 65 ಡಿಗ್ರಿಯಲ್ಲಿ ಬಿಟ್ಟರೆ ಬರುತ್ತದೆ. ಶುರು ಮಾಡುವ ಮುಂಚೆ ಮೈಕೋಪ್ಲಾಸ್ಮಾ (ಸೆಲ್‌ಗಳಲ್ಲಿ ಗುಟ್ಟಾಗಿ ಸೇರಿಕೊಳ್ಳುವ ಸಣ್ಣ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ. ಅದು ಸೇರಿಕೊಂಡ ಸೆಲ್ ತನ್ನ ರಕ್ಷಣೆಯ ಬಗ್ಗೆ ಹೇಳುವ ಮಾತು ಯಾವುದನ್ನೂ ನಂಬುವ ಹಾಗಿಲ್ಲ. ಪಟ್ಟಿ ಕೈಗೆ ಬಂದಾಗ ಮೊದಲು ಐಎಫ್‌ಎನ್‌ಎಆರ್1, ಜಾಕ್1, ಟಿಕ್2, ಸ್ಟ್ಯಾಟ್1, ಐಆರ್‌ಎಫ್9 ಇವೆಯಾ ನೋಡಿ. ಇಂಟರ್‌ಫೆರಾನಿನ ಸುದ್ದಿ ಸಾಗಿಸುವವರು ಇವರೇ. ಇವರೇ ಕಾಣದಿದ್ದರೆ ಕೆಳಗಿನ ಹೆಸರುಗಳನ್ನು ಓದುವ ಕಷ್ಟ ತೆಗೆದುಕೊಳ್ಳಬೇಡಿ, ಸ್ಕ್ರೀನನ್ನೇ ಮತ್ತೆ ಮಾಡಿ.