ಮೊದಲು ಸಿಕ್ಕಿದ್ದಕ್ಕೇ ಮಣೆ: ಪಾತ್ ಸರಿಪಡಿಸಿಕೊಂಡ ನನ್ನ ಅನುಭವ

ಮ್ಯಾಕ್‌ನ ಟರ್ಮಿನಲ್ ತೆರೆದು ಪೈಥಾನ್‌ನ ಆವೃತ್ತಿ ಕೇಳಿದರೆ, ಪೈಥಾನ್‌ನ ಬೇರೆ ಬೇರೆ ಆವೃತ್ತಿಗಳನ್ನು ನಿಭಾಯಿಸುವ ಪೈಎನ್‌ವಿ ಮೂಲಕ ನಾನು ಹಾಕಿಕೊಂಡಿದ್ದ ಹೊಸ ಆವೃತ್ತಿಯೇ ಬರುತ್ತಿತ್ತು. ಅದೇ ಕಿಟಕಿಯಲ್ಲಿ ಟಿಮಕ್ಸ್ (ಒಂದರೊಳಗೆ ಹಲವು ಟರ್ಮಿನಲ್‌ಗಳನ್ನು ನಡೆಸುವ ಪ್ರೋಗ್ರಾಮ್) ಶುರುಮಾಡಿ ಮತ್ತೆ ಕೇಳಿದರೆ ವ್ಯವಸ್ಥೆಯ ಹಳೆಯ ಪೈಥಾನ್ ಉತ್ತರ ಕೊಡುತ್ತಿತ್ತು. ಎರಡು ದಿನ ಪೈಎನ್‌ವಿಯನ್ನೇ ಅನುಮಾನಿಸಿ, ತೆಗೆದುಹಾಕಿ, ಮತ್ತೆ ಹಾಕಿದೆ. ತಪ್ಪಿದ್ದದ್ದು ನಾನೇ ಜಾಣತನವೆಂದುಕೊಂಡು ಬರೆದಿದ್ದ ಒಂದು ‘ಇಫ್’ ಷರತ್ತಿನ ಸಾಲಿನಲ್ಲಿ.

ಪಾತ್ ಎಂದರೆ ಕೋಲನ್ (:) ಚಿಹ್ನೆಯಿಂದ ಬೇರ್ಪಡಿಸಿದ ಫೋಲ್ಡರ್‌ಗಳ ಸಾಲು. ಶೆಲ್, ಅಂದರೆ ಟರ್ಮಿನಲ್‌ನಲ್ಲಿ ನಾವು ಬರೆದ ಆಜ್ಞೆಯನ್ನು ನಡೆಸುವ ಪ್ರೋಗ್ರಾಮ್, ಅದನ್ನು ಎಡದಿಂದ ಬಲಕ್ಕೆ ಹುಡುಕುತ್ತಾ ಹೋಗಿ, ಮೊದಲು ಸಿಕ್ಕ ಪ್ರೋಗ್ರಾಮನ್ನೇ ಓಡಿಸುತ್ತದೆ. ಅದೇ ಹೆಸರಿನವು ಮುಂದೆ ಎಷ್ಟಿದ್ದರೂ ಅತ್ತ ನೋಡುವುದಿಲ್ಲ. ಒಂದು ಹೆಸರಿನ ಪ್ರೋಗ್ರಾಮುಗಳು ಎಲ್ಲೆಲ್ಲಿವೆ ಎಂದು ತಿಳಿಯಲು ‘ಟೈಪ್’ ಆಜ್ಞೆಗೆ ‘-ಎ’ ಸೇರಿಸಿ ಕೇಳಿದಾಗ ಟಿಮಕ್ಸ್‌ನೊಳಗೆ ‘/ಯುಎಸ್‌ಆರ್/ಬಿನ್’ನ ಪೈಥಾನ್ ಮೊದಲನೆಯದಾಗಿಯೂ ಪೈಎನ್‌ವಿಯ ‘ಶಿಮ್ಸ್’ ಫೋಲ್ಡರಿನದು ಎರಡನೆಯದಾಗಿಯೂ ಕಾಣಿಸಿತು. ಅಂದರೆ ಫೋಲ್ಡರ್ ಕಳೆದುಹೋಗಿರಲಿಲ್ಲ, ಅದರ ಸರದಿ ಹಿಂದಕ್ಕೆ ಸರಿದಿತ್ತು.

ಕಾರಣ ಹೀಗಿತ್ತು. ಮ್ಯಾಕ್‌ನಲ್ಲಿ ಪ್ರತಿ ಲಾಗಿನ್ ಶೆಲ್ (ಬಳಕೆದಾರರು ಆಗತಾನೇ ಲಾಗಿನ್ ಆದಂತೆ ಹೊಸದಾಗಿ ತೆರೆಯುವ ಶೆಲ್) ಶುರುವಾದಾಗಲೂ ‘ಪಾತ್ ಹೆಲ್ಪರ್’ ಎಂಬ ಪುಟ್ಟ ಪ್ರೋಗ್ರಾಮ್ ಓಡಿ, ವ್ಯವಸ್ಥೆಯ ಫೋಲ್ಡರ್‌ಗಳನ್ನು ಮುಂದಕ್ಕೆ ತಂದು ಉಳಿದವನ್ನು ಅವುಗಳ ಹಿಂದೆ ನಿಲ್ಲಿಸುತ್ತದೆ. ಅದಾದ ಮೇಲೆ ನಾನು ಬಳಸುವ ಶೆಲ್ ಆದ ಝಡ್‌ಶೆಲ್‌ನ ಆರ್‌ಸಿ ಫೈಲ್, ಅಂದರೆ ನನ್ನ ಸೆಟ್ಟಿಂಗ್‌ಗಳ ಫೈಲ್, ಓದಲ್ಪಡುತ್ತದೆ. ಒಂದೇ ಫೋಲ್ಡರ್ ಎರಡೆರಡು ಸಲ ಸೇರದಿರಲೆಂದು ನಾನು ಅಲ್ಲಿ, ‘ಈಗಾಗಲೇ ಪಾತ್‌ನಲ್ಲಿದ್ದರೆ ಬಿಟ್ಟುಬಿಡು’ ಎಂದು ಬರೆದಿದ್ದೆ. ಮೊದಲ ಶೆಲ್‌ನಲ್ಲಿ ಅದು ಸರಿಯಾಗಿಯೇ ನಡೆಯಿತು. ಟಿಮಕ್ಸ್ ಮಾತ್ರ ಆ ಪಾತನ್ನೇ ಆನುವಂಶಿಕವಾಗಿ ಪಡೆದು ಇನ್ನೊಂದು ಲಾಗಿನ್ ಶೆಲ್ ತೆರೆಯುತ್ತದೆ. ಹೆಲ್ಪರ್ ಸಾಲನ್ನು ಮತ್ತೆ ಕಲೆಸಿದ ಮೇಲೆ ನನ್ನ ‘ಇಫ್’, ಫೋಲ್ಡರ್ ಹೇಗೂ ಇದೆಯಲ್ಲ ಎಂದು ಸುಮ್ಮನಾಗುತ್ತಿತ್ತು.

ಆ ಷರತ್ತನ್ನು ಕಿತ್ತುಹಾಕಿ, ಝಡ್‌ಶೆಲ್‌ನ ‘ಟೈಪ್‌ಸೆಟ್ -ಯು ಪಾತ್’ (ಇಲ್ಲಿ ‘ಯು’ ದೊಡ್ಡಕ್ಷರ) ಬಳಸಿದೆ. ಇದು ಪುನರಾವರ್ತನೆಯಾದವುಗಳಲ್ಲಿ ಮೊದಲನೆಯದನ್ನು ಉಳಿಸಿಕೊಂಡು ಉಳಿದವನ್ನು ತೆಗೆಯುವುದರಿಂದ, ಬೇಕಾದ ಫೋಲ್ಡರನ್ನು ಪ್ರತಿ ಸಲವೂ ನಿಶ್ಚಿಂತೆಯಿಂದ ಮುಂದೆಯೇ ಸೇರಿಸಬಹುದು. ರಸ್ಟ್, ಗೋ, ನೋಡ್, ಹೋಮ್‌ಬ್ರೂ ಎಂಬ ಪ್ರೋಗ್ರಾಮಿಂಗ್ ಸಲಕರಣೆಗಳ ಇನ್‌ಸ್ಟಾಲರ್‌ಗಳೂ ಅವುಗಳ ಸೂಚನೆಗಳನ್ನು ನಂಬಿದ ನಾನೂ ಮೂರು ಫೈಲ್‌ಗಳಲ್ಲಿ ಚೆಲ್ಲಾಡಿದ್ದ ಸಾಲುಗಳನ್ನೆಲ್ಲ ಒಂದೇ ಫೈಲ್‌ಗೆ ತಂದು, ಆರ್‌ಸಿ ಫೈಲ್‌ನ ಕೊನೆಯಲ್ಲಿ ಅದನ್ನು ಓದಿಸಿದೆ. ಹಾಗೆ ಒಟ್ಟುಗೂಡಿಸುವಾಗ ಒಂದೆಡೆ ಎರಡು ಕೋಲನ್‌ಗಳು ಅಕ್ಕಪಕ್ಕ ಬಿದ್ದಿದ್ದವು. ನಡುವಿನ ಖಾಲಿ ಜಾಗವೆಂದರೆ ನಾವು ಆಗ ನಿಂತಿರುವ ಫೋಲ್ಡರ್ ಎಂದೇ ಅರ್ಥ; ಅಲ್ಲಿರುವ ಪ್ರೋಗ್ರಾಮೂ ಓಡಿಬಿಡಬಹುದು. ಯಾರದೋ ಕೋಡ್ ಇಳಿಸಿಕೊಂಡು ಅದರೊಳಗೆ ಹೊಕ್ಕು ಕೆಲಸ ಮಾಡುವವರಿಗೆ ಇದು ಸಣ್ಣ ಅಪಾಯವಲ್ಲ.

ಇಷ್ಟಾದರೂ ಎರಡು ಕಡೆ ಶೆಲ್‌ನ ಫೈಲ್‌ಗಳ ಮಾತು ನಡೆಯಲಿಲ್ಲ. ಡಾಕ್‌ನಿಂದ ತೆರೆದ ನನ್ನ ಎಡಿಟರ್‌ಗೆ ಶೆಲ್‌ನ ಪಾತ್ ತಲುಪುತ್ತಿರಲಿಲ್ಲವಾದ್ದರಿಂದ ಕೋಡನ್ನು ಓರಣವಾಗಿಸುವ ಫಾರ್ಮ್ಯಾಟರ್ ಸಿಗುತ್ತಿಲ್ಲವೆಂದು ಅದು ದೂರುತ್ತಿತ್ತು. ಈಗ ಅದನ್ನು ಟರ್ಮಿನಲ್‌ನಿಂದಲೇ ತೆರೆಯುತ್ತೇನೆ. ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿಯೇ ಓಡಿಸುವ ಕ್ರಾನ್ ಸಾಮಾನ್ಯವಾಗಿ ‘/ಯುಎಸ್‌ಆರ್/ಬಿನ್’ ಮತ್ತು ‘/ಬಿನ್’ ಎರಡನ್ನೇ ಬಲ್ಲದು. ರಾತ್ರಿ ಓಡಬೇಕಾದ ಕೆಲಸಗಳಿಗೆ ಪ್ರೋಗ್ರಾಮಿನ ಪೂರ್ಣ ವಿಳಾಸವನ್ನೇ ಬರೆದಿಟ್ಟಿದ್ದೇನೆ. ನೋಡಲು ಅಂದವಿಲ್ಲ, ಆದರೆ ಆ ಸಾಲುಗಳನ್ನು ಮತ್ತೆ ಮುಟ್ಟುವ ಪ್ರಮೇಯ ಬಂದಿಲ್ಲ.