ಮೈಸೂರು ಸುತ್ತಾಟಕ್ಕೆ ಎರಡು ಲೆನ್ಸ್ ಸಾಕು

ಒಂದೇ ಬ್ಯಾಗ್ ಹಾಕಿಕೊಂಡು ಬಸ್ಸಲ್ಲಿ ಬರುತ್ತೀರಾ? ಹಾಗಾದರೆ ಟ್ರೈಪಾಡ್ ಮನೆಯಲ್ಲೇ ಇರಲಿ. ರಂಗನತಿಟ್ಟಿನಲ್ಲಿ ದೋಣಿಯೇ ಅಲ್ಲಾಡುವಾಗ ಅದರಿಂದ ಏನು ಪ್ರಯೋಜನ ಹೇಳಿ! ಅಲ್ಲಿಗೆ ಬೇಕಾದ್ದು 55-250 ಅಥವಾ 70-300 ಎಂಎಂನಂಥ ಹಗುರ ಜೂಮ್. ಎಪಿಎಸ್-ಸಿ ಕ್ಯಾಮೆರಾ (ಫುಲ್-ಫ್ರೇಮ್‌ಗಿಂತ ಸಣ್ಣ ಸೆನ್ಸರ್‌ನದ್ದು) ಆದರೆ ಇನ್ನೂ ಒಳ್ಳೆಯದು. ಅದರಲ್ಲಿ 250 ಎಂಎಂ ಲೆನ್ಸ್ ಹೆಚ್ಚುಕಮ್ಮಿ 400 ಎಂಎಂನಷ್ಟು ಹತ್ತಿರ ತೋರಿಸುತ್ತದೆ. ಶಟರ್ ವೇಗ 1/1000 ಸೆಕೆಂಡಿಗಿಂತ ಇಳಿಸಬೇಡಿ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ. ಚಿತ್ರದಲ್ಲಿ ಸ್ವಲ್ಪ ಗ್ರೇನ್ (ಚುಕ್ಕೆಚುಕ್ಕೆ) ಬಂದರೂ ಪರವಾಗಿಲ್ಲ, ರೆಕ್ಕೆ ಮಸುಕಾದ ಕೊಕ್ಕರೆ ಯಾರಿಗೆ ಬೇಕು?

ಎರಡನೆಯದು 35 ಎಂಎಂ ಎಫ್/1.8, ಹೆಚ್ಚು ಬೆಳಕು ಒಳಬಿಡುವ ಲೆನ್ಸ್. ಸೋಮನಾಥಪುರದ ಗುಡಿಯೊಳಗೆ ಬೆಳಕು ಕಮ್ಮಿ, ಚಾವಣಿಯ ಕೆತ್ತನೆ ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸಿಗೆ ಸುಲಭವಾಗಿ ಸಿಗುವುದಿಲ್ಲ. ಭಾನುವಾರ ಸಂಜೆ ಅರಮನೆಯ ದೀಪಾಲಂಕಾರಕ್ಕೂ ಇದೇ ಸಾಕು. ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧಕ್ಕೆ) ಇಳಿಸಿ, ಇಲ್ಲದಿದ್ದರೆ ಬಲ್ಬುಗಳೆಲ್ಲ ಬೆಳ್ಳಗೆ ಒಂದಾಗಿಬಿಡುತ್ತವೆ. ಅಗಲವಾದ ಚಿತ್ರಕ್ಕೆ ಫೋನ್ ಇದೆಯಲ್ಲ.

ಒಂದು ಬ್ಯಾಟರಿ, ಒಂದು ಕಾರ್ಡ್ ಜಾಸ್ತಿ ಇರಲಿ. ಮಳೆಗಾಲವಾದರೆ ದೊಡ್ಡ ಜಿಪ್ ಕವರ್ ಕೂಡ. ಫ್ಲ್ಯಾಶ್ ತರಲೇಬೇಡಿ, ಸುಮ್ನೆ ಭಾರ.