ಹಳೆಯ ಫಿಲ್ಮ್ ಪ್ರೊಜೆಕ್ಟರ್‌ಗೆ ಪ್ರಖರ ಲ್ಯಾಂಪ್ ಕೂರಿಸುವುದು

ಹೊಸ ಲ್ಯಾಂಪ್ ಕೊಳ್ಳುವ ಮೊದಲು, ಇರುವ ಲ್ಯಾಂಪಿನ ಬೆಳಕು ಎಲ್ಲಿ ಸೋರುತ್ತಿದೆ ನೋಡಿ. ಕಂಡೆನ್ಸರ್ ಮಸೂರಗಳ (ಲ್ಯಾಂಪಿನ ಬೆಳಕನ್ನು ಫಿಲ್ಮಿನ ಮೇಲೆ ಕೂಡಿಸುವ ಮಸೂರಗಳ) ಒಳಮೈಯಲ್ಲಿ ಎಣ್ಣೆಯ ಆವಿ ತೆಳ್ಳಗೆ ಅಂಟಿ ಮಂಜು ಹಿಡಿದಂತಾಗಿರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಮಸೂರಗಳನ್ನು ಒಂದೊಂದಾಗಿ ಹೊರತೆಗೆದು, ಯಾವ ಮೈ ಯಾವ ಕಡೆಗಿತ್ತು ಎಂದು ಗುರುತು ಹಾಕಿಕೊಂಡು, ಐಸೊಪ್ರೊಪಿಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಲ್ಯಾಂಪಿನ ಹಿಂದಿನ ಕನ್ನಡಿಯನ್ನೂ ಒರೆಸಿ. ಚಿತ್ರದ ಅಗಲವನ್ನು 1.5 ಮೀಟರಿನಿಂದ 1 ಮೀಟರಿಗೆ ಇಳಿಸಿದರೆ ಪರದೆಯ ಹೊಳಪು 2.25 ಪಟ್ಟಾಗುತ್ತದೆ. ಇಷ್ಟರಲ್ಲೇ ಹಲವರ ಕೆಲಸ ಮುಗಿದುಹೋಗುತ್ತದೆ.

ಇನ್ನೂ ಬೆಳಕು ಬೇಕು ಅನ್ನುವವರು ಮೊದಲು ವ್ಯಾಟ್ ಲೆಕ್ಕವನ್ನು ಪಕ್ಕಕ್ಕಿಡಬೇಕು. 8 ಮಿ.ಮೀ. ಅಗಲದ ಸೂಪರ್ 8 ಫಿಲ್ಮಿನ ಗೇಟಿನ (ಬೆಳಕಿನೆದುರು ಫಿಲ್ಮ್ ಹಾದುಹೋಗುವ ಜಾಗದ) ಕಿಂಡಿ ಸುಮಾರು 5.3 × 4 ಮಿ.ಮೀ., 16 ಎಂಎಂನದು ಸುಮಾರು 9.6 × 7.2 ಮಿ.ಮೀ. ಬೆಳಕು ಹುಟ್ಟುವ ಜಾಗ ಈ ಕಿಂಡಿಗಿಂತ ತೀರ ದೊಡ್ಡದಾದರೆ, ಎಂಥ ಮಸೂರ ಹಾಕಿದರೂ ಅದನ್ನೆಲ್ಲ ಕಿಂಡಿಯೊಳಗೆ ತೂರಿಸಲು ಆಗುವುದಿಲ್ಲ. ಉಳಿದದ್ದು ಗೇಟಿನ ಲೋಹವನ್ನು ಕಾಯಿಸುತ್ತದೆ, ಅಷ್ಟೆ. ಮೇನ್ಸ್ ವೋಲ್ಟೇಜಿನ ಹಳೆಯ 500 ಅಥವಾ 750 ವ್ಯಾಟ್ ಲ್ಯಾಂಪಿನೊಳಗೆ ಉದ್ದನೆಯ ಸಣ್ಣ ತಂತಿ ಅಗಲವಾಗಿ ಹರಡಿಕೊಂಡಿರುತ್ತದೆ. 12 ವೋಲ್ಟ್ 100 ವ್ಯಾಟ್ ಹ್ಯಾಲೊಜನ್‌ನಲ್ಲಿ ಅದೇ ತಂತಿ ಗಿಡ್ಡ, ದಪ್ಪ, ಕೆಲವೇ ಮಿಲಿಮೀಟರಿನ ಸುರುಳಿ. ವ್ಯಾಟ್ ಐದನೇ ಒಂದು ಪಾಲಾದರೂ ಪರದೆಯ ಮೇಲೆ ಅದು ಹಿಂದೆ ಬೀಳದಿರುವುದಕ್ಕೆ ಇದೇ ಕಾರಣ.

ನಿಮ್ಮ ಯಂತ್ರದಲ್ಲಿ ಈಗಾಗಲೇ ಕಡಿಮೆ ವೋಲ್ಟೇಜಿನ ಹ್ಯಾಲೊಜನ್ ಇದ್ದರೆ ಹೆಚ್ಚು ಬೆಳಕಿನ ಆಸೆಗೆ ಬೇರೆ ನಮೂನೆ ಹಾಕಬೇಡಿ. 12 ವೋಲ್ಟ್ 100 ವ್ಯಾಟಿನ ಇಎಫ್‌ಪಿ ಎಂಬ ಗುರುತಿನ ಲ್ಯಾಂಪ್ ಕೂರುವ ಹೋಲ್ಡರಿನಲ್ಲಿ 15 ವೋಲ್ಟ್ 150 ವ್ಯಾಟಿನ ಇಎಫ್‌ಆರ್ ಕೂಡ ಕೂರುತ್ತದೆ. ಆದರೆ 12 ವೋಲ್ಟಿನಲ್ಲಿ ಅದು ತನ್ನ ಬೆಳಕಿನ ಅರ್ಧದಷ್ಟೂ ಕೊಡದೆ ಹಳದಿಯಾಗಿ ಉರಿಯುತ್ತದೆ. ಇಂಥ ಯಂತ್ರದಲ್ಲಿ ನೋಡಬೇಕಾದದ್ದು ಹೋಲ್ಡರನ್ನು. 100 ವ್ಯಾಟ್ ಲ್ಯಾಂಪ್ 8.3 ಆಂಪಿಯರ್ ಎಳೆಯುತ್ತದೆ. ಕರಿಕಟ್ಟಿದ, ಗುಳಿಬಿದ್ದ ಸಂಪರ್ಕದಲ್ಲಿ 0.6 ವೋಲ್ಟ್ ಕಳೆದುಹೋದರೆ ಬೆಳಕಿನಲ್ಲಿ ಸುಮಾರು ಶೇ. 16 ಹೋಯಿತು. ಲ್ಯಾಂಪ್ ಉರಿಯುತ್ತಿರುವಾಗಲೇ ಅದರ ಕಾಲುಗಳ ನಡುವಿನ ವೋಲ್ಟೇಜ್ ಅಳೆಯಿರಿ. ಟ್ರಾನ್ಸ್‌ಫಾರ್ಮರ್ ತುದಿಯಲ್ಲಿ 12, ಕಾಲುಗಳಲ್ಲಿ 11.3 ಇದ್ದರೆ ಪಿಂಗಾಣಿ ಹೋಲ್ಡರನ್ನೇ ಬದಲಿಸಿ. ಮರಳು ಕಾಗದದಲ್ಲಿ ಉಜ್ಜಿದ್ದು ಹೆಚ್ಚು ದಿನ ಬಾಳುವುದಿಲ್ಲ. ವೋಲ್ಟೇಜ್ ಏರಿಸಿ ಬೆಳಕು ಗಿಟ್ಟಿಸುವ ಉಪಾಯವೂ ದುಬಾರಿ: ಶೇ. 5 ಏರಿಸಿದರೆ ಬೆಳಕು ಶೇ. 18ರಷ್ಟು ಹೆಚ್ಚುತ್ತದೆ, ಲ್ಯಾಂಪಿನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಇಎಫ್‌ಪಿ ಬಾಳುವುದೇ 50 ಗಂಟೆಯ ಆಸುಪಾಸು.

ಮೇನ್ಸ್ ಲ್ಯಾಂಪಿನಿಂದ 12 ವೋಲ್ಟಿಗೆ

ನಿಜವಾದ ಲಾಭ ಇರುವುದು ಇಲ್ಲಿ. ಆದರೆ ಬಿಚ್ಚುವ ಮೊದಲು ಎರಡು ವಿಷಯ. ಹಳೆಯ ಲ್ಯಾಂಪ್‌ಮನೆಯಲ್ಲಿ ಬೂದುಬಣ್ಣದ ನಾರಿನ ಹಾಳೆಯೋ ವೈರಿನ ಹೊದಿಕೆಯೋ ಕಂಡರೆ ಅದು ಆಸ್‌ಬೆಸ್ಟಾಸ್ ಆಗಿರಬಹುದು; ಕೆರೆಯಬೇಡಿ, ಊದಬೇಡಿ. ಇನ್ನೊಂದು, ಕೆಲವು ಯಂತ್ರಗಳಲ್ಲಿ ಮೋಟಾರಿಗೂ ಲ್ಯಾಂಪಿಗೂ ಕರೆಂಟಿನ ನಂಟಿರುತ್ತದೆ. ಪ್ಲಗ್ ಕಿತ್ತು ಲ್ಯಾಂಪ್ ತೆಗೆದು, ಮುಚ್ಚಳ ಹಾಕಿ, ಮತ್ತೆ ಚಾಲೂ ಮಾಡಿ ನೋಡಿ. ಮೋಟಾರು ನಿಂತರೆ ಅಥವಾ ವೇಗ ಬದಲಾದರೆ ಲ್ಯಾಂಪಿನ ವೈರನ್ನು ಸುಮ್ಮನೆ ಕತ್ತರಿಸುವಂತಿಲ್ಲ. ಮೋಟಾರಿಗೆ ಏನು ಬರುತ್ತಿತ್ತು ಎಂದು ಅಳೆದು ಅದನ್ನು ಬೇರೆಯಾಗಿ ಒದಗಿಸಬೇಕು.

ಬೇಕಾದ ಸಾಮಾನು: 50 ಮಿ.ಮೀ. ಪ್ರತಿಫಲಕದ 12 ವೋಲ್ಟ್ 100 ವ್ಯಾಟ್ ಇಎಫ್‌ಪಿ, ಅದರ ಜಿಝಡ್ 6.35 ನಮೂನೆಯ ಪಿಂಗಾಣಿ ಹೋಲ್ಡರ್, 12 ವೋಲ್ಟ್ ಕೊಡುವ 150 ವಿಎ (ವೋಲ್ಟ್-ಆಂಪಿಯರ್) ಟೊರಾಯ್ಡಲ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರ್, ಅದರ ಮೇನ್ಸ್ ಬದಿಗೆ ನಿಧಾನವಾಗಿ ಕರಗುವ ಫ್ಯೂಸ್, 2.5 ಚದರ ಮಿ.ಮೀ. ಸಿಲಿಕೋನ್ ವೈರು, 2 ಮಿ.ಮೀ. ಅಲ್ಯೂಮಿನಿಯಂ ತಗಡು. ಮಾಮೂಲಿ ಪಿವಿಸಿ ವೈರು ಲ್ಯಾಂಪ್‌ಮನೆಯಲ್ಲಿ ಮೆತ್ತಗಾಗಿ ಸುಲಿದುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಬದಲು ಎಸ್‌ಎಂಪಿಎಸ್ (ಎಲೆಕ್ಟ್ರಾನಿಕ್ ವಿದ್ಯುತ್ ಪೂರೈಕೆ) ಹಾಕುವವರು ಗಮನಿಸಬೇಕು: ತಣ್ಣಗಿರುವ ತಂತಿ ಹೊತ್ತಿಕೊಳ್ಳುವ ಕ್ಷಣದಲ್ಲಿ ಮಾಮೂಲಿನ ಹತ್ತು ಪಟ್ಟಿಗೂ ಹೆಚ್ಚು ಕರೆಂಟು ಎಳೆಯುತ್ತದೆ, ಪೂರೈಕೆ ತಾನೇ ಕಟ್ ಆಗಿ ಲ್ಯಾಂಪ್ ಮಿನುಗುತ್ತಲೇ ಇರುತ್ತದೆ. ಸರಣಿಯಲ್ಲಿ ಒಂದು ಎನ್‌ಟಿಸಿ ಥರ್ಮಿಸ್ಟರ್ (ಬಿಸಿಯಾದಂತೆ ತಡೆ ಕಡಿಮೆಯಾಗುವ ಬಿಡಿಭಾಗ) ಹಾಕಿದರೆ ಈ ಕಾಟ ತಪ್ಪುತ್ತದೆ, ಆದರೆ ಅದು ನುಂಗುವ ವೋಲ್ಟನ್ನು ಲೆಕ್ಕಕ್ಕೆ ಹಿಡಿಯಿರಿ.

ಇಎಫ್‌ಪಿಯ ಪ್ರತಿಫಲಕವೇ ಬೆಳಕನ್ನು ಒಂದು ಬಿಂದುವಿಗೆ ಕೂಡಿಸುವುದರಿಂದ ಹಳೆಯ ಕಂಡೆನ್ಸರ್ ಮಸೂರಗಳು ಬೇಡ, ಹಿಂದಿನ ಕನ್ನಡಿಯೂ ಬೇಡ. ಅವನ್ನು ಉಳಿಸಿಕೊಂಡೇ ಹೊಸ ಲ್ಯಾಂಪ್ ಕೂರಿಸಿದರೆ ಮೊದಲಿಗಿಂತ ಮಂಕಾಗಿ ಕಾಣುತ್ತದೆ, ಆಮೇಲೆ ಲ್ಯಾಂಪನ್ನು ಬೈಯುವುದು. ಉಷ್ಣ ತಡೆಯುವ ಗಾಜನ್ನೂ, ಚಿತ್ರ ನಿಲ್ಲಿಸಿದಾಗ ಅಡ್ಡ ಬೀಳುವ ಜಾಲರಿ ಫಲಕವನ್ನೂ ಮಾತ್ರ ಮುಟ್ಟಬೇಡಿ. ಲ್ಯಾಂಪ್ ಅವುಗಳ ಹಿಂದೆಯೇ ಕೂರಬೇಕು. ಈ ಪ್ರತಿಫಲಕ ಬಿಸಿಯನ್ನು ಬೆನ್ನ ಕಡೆಗೆ ಬಿಟ್ಟುಕೊಡುವಂಥದ್ದು. ಹಾಗಾಗಿ ಫ್ಯಾನಿನ ಗಾಳಿ ಲ್ಯಾಂಪಿನ ಮುಖಕ್ಕಷ್ಟೇ ಅಲ್ಲ, ಬೆನ್ನಿಗೂ ಹೋಲ್ಡರಿಗೂ ತಾಗುವಂತೆ ತಗಡಿನಲ್ಲಿ ದಾರಿ ಬಿಡಿ.

ಬ್ರಾಕೆಟ್ಟಿನ ತೂತುಗಳನ್ನು ದುಂಡಗೆ ಕೊರೆಯದೆ ಉದ್ದನೆಯ ಸೀಳುಗಳಾಗಿ ಮಾಡಿ. ಹಿಂದೆಮುಂದೆ, ಎಡಬಲ, ಮೇಲೆಕೆಳಗೆ ಸರಿಸಲು ಆಗಬೇಕು. ಜೋಡಿಸಿದ ಮೇಲೆ ಫಿಲ್ಮ್ ಹಾಕದೆ ಮೋಟಾರು ಓಡಿಸಿ, ಗೇಟಿನ ಅಂಚು ಪರದೆಯಲ್ಲಿ ಚೂಪಾಗಿ ಕಾಣುವಂತೆ ಫೋಕಸ್ ಮಾಡಿ. ಆಮೇಲೆ ಲ್ಯಾಂಪನ್ನು ಅರ್ಧ ಮಿಲಿಮೀಟರಿನಂತೆ ಸರಿಸುತ್ತ ಹೋಗಿ. ಬಿಳಿ ಚೌಕದಲ್ಲಿ ಮಸುಕು ಪಟ್ಟೆಗಳು ಮೂಡಿದರೆ ಅದು ಸುರುಳಿಯ ಬಿಂಬ, ಬೆಳಕು ಸರಿಯಾಗಿ ಗೇಟಿನ ಮೇಲೇ ಕೂಡುತ್ತಿದೆ ಎಂದರ್ಥ. ಪಟ್ಟೆ ಕರಗುವಷ್ಟು ಮಾತ್ರ ಹಿಂದಕ್ಕೋ ಮುಂದಕ್ಕೋ ಸರಿಸಿ. ಒಂದೇ ಮೂಲೆ ಕಂದಾಗಿದ್ದರೆ ಎಡಬಲ ತಪ್ಪಿದೆ. ನಾಲ್ಕೂ ಕಂದಾಗಿದ್ದರೆ ದೂರ ತಪ್ಪಿದೆ. ಕಣ್ಣು ಬೇಗ ಹೊಂದಿಕೊಂಡು ಮೋಸ ಮಾಡುತ್ತದೆ, ಆದ್ದರಿಂದ ಲಕ್ಸ್ ಮೀಟರ್ (ಬೆಳಕು ಅಳೆಯುವ ಉಪಕರಣ) ಇಡಿ: ಮೂಲೆಗಳಲ್ಲಿ ನಡುಮಧ್ಯದ ಶೇ. 70 ಸಿಕ್ಕರೆ ಸಾಕು. ಹ್ಯಾಲೊಜನ್ ಗಾಜಿಗೆ ಬೆರಳು ತಾಗಿದ್ದರೆ ಉರಿಸುವ ಮೊದಲೇ ಆಲ್ಕೊಹಾಲ್‌ನಲ್ಲಿ ಒರೆಸಿ.

ಎಲ್‌ಇಡಿ ಹಾಕುವುದಾದರೆ

ಫಿಲ್ಮಿಗೆ ಬಿಸಿ ಕಡಿಮೆ ಎನ್ನುವುದೇ ಇದರ ದೊಡ್ಡ ಗುಣ. ಗಾತ್ರದ ನಿಯಮ ಇಲ್ಲಿ ಇನ್ನೂ ಬಿಗಿ: 20 ಮಿ.ಮೀ. ಹಳದಿ ಬಿಲ್ಲೆಯ 50 ವ್ಯಾಟ್ ಎಲ್‌ಇಡಿ ಸೂಪರ್ 8ಗೆ ವ್ಯರ್ಥ. ಬೆಳಗುವ ಮೈ 3ರಿಂದ 5 ಮಿ.ಮೀ. ಇರುವುದನ್ನು ಹುಡುಕಿ, ಹಳೆಯ ಕಂಡೆನ್ಸರ್ ಮಸೂರಗಳನ್ನು ಅದರ ಮುಂದೆ ಉಳಿಸಿಕೊಳ್ಳಿ. ನಾಲ್ಕು ಚಿಪ್ ಸೇರಿಸಿ ಮಾಡಿದ್ದಾದರೆ ನಡುವಿನ ಸಂದು ಪರದೆಯ ಮೇಲೆ ಕಪ್ಪು ಕೂಡುಚಿಹ್ನೆಯಾಗಿ ಬೀಳುತ್ತದೆ. ತುಸು ಫೋಕಸ್ ತಪ್ಪಿಸಿದರೆ ಹೋಗುತ್ತದೆ. ಬಣ್ಣಕ್ಕೆ 4000 ಕೆಲ್ವಿನ್ ಒಳಗೆ, ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕೆ ಮೇಲೆ. 6500 ಕೆಲ್ವಿನ್ ಹಾಕಿದರೆ ಮನೆಮಂದಿಯ ಮುಖವೆಲ್ಲ ನೀಲಿ.

ಹೆಚ್ಚಿನವರು ಎಡವುವುದು ಡ್ರೈವರಿನಲ್ಲಿ, ಅಂದರೆ ಎಲ್‌ಇಡಿಗೆ ಕರೆಂಟು ಕೊಡುವ ಸರ್ಕ್ಯೂಟಿನಲ್ಲಿ. ಬೆಳಕಿಗೆ ಅಡ್ಡ ತಿರುಗುವ ಮೂರು ರೆಕ್ಕೆಯ ಶಟರ್ ಸೆಕೆಂಡಿಗೆ 18 ಚೌಕಟ್ಟಿನ ವೇಗದಲ್ಲಿ 54 ಬಾರಿ ಬೆಳಕು ಕತ್ತರಿಸುತ್ತದೆ. ಅಗ್ಗದ ಡ್ರೈವರಿನ ಬೆಳಕು, 50 ಹರ್ಟ್ಸ್ ಮೇನ್ಸ್‌ನಲ್ಲಿ, 100 ಬಾರಿ ಏರಿಳಿಯುತ್ತದೆ. 54ರ ಎರಡರಷ್ಟು 108; ಅದಕ್ಕೂ 100ಕ್ಕೂ ಇರುವ ಅಂತರ 8, ಆ ಲೆಕ್ಕದಲ್ಲೇ ಪರದೆ ಸೆಕೆಂಡಿಗೆ ಎಂಟು ಬಾರಿ ಉಸಿರಾಡುತ್ತದೆ. ಹ್ಯಾಲೊಜನ್‌ನ ಕಾದ ತಂತಿ ಈ ಏರಿಳಿತವನ್ನು ಬಹುಪಾಲು ನುಂಗಿಕೊಳ್ಳುತ್ತಿತ್ತು, ಎಲ್‌ಇಡಿ ನುಂಗುವುದಿಲ್ಲ. ಡಿಸಿ ಪೂರೈಕೆಯಿಂದ ನಡೆಯುವ, ಏರಿಳಿತವಿಲ್ಲದ ಸ್ಥಿರ ಕರೆಂಟಿನ ಡ್ರೈವರ್ ಬೇಕು. ಪರೀಕ್ಷೆ ಸುಲಭ: ಶಟರ್ ತೆರೆದ ಸ್ಥಿತಿಯಲ್ಲಿ ನಿಲ್ಲಿಸಿ ಬೆಳಕಿಗೆ ಅಡ್ಡ ಪೆನ್ಸಿಲ್ ಬೀಸಿ. ನೆರಳು ಒಂದೇ ಮಸುಕಾಗಿ ಹರಿದರೆ ಸರಿ, ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾಗಿ ಕಂಡರೆ ಡ್ರೈವರ್ ಬದಲಿಸಿ. ಕಾಂತ ಪಟ್ಟಿಯ ಧ್ವನಿ ಇರುವ ಯಂತ್ರದಲ್ಲಿ ಡ್ರೈವರನ್ನು ಲೋಹದ ಡಬ್ಬಿಯಲ್ಲಿಟ್ಟು ಧ್ವನಿ ಹೆಡ್‌ನಿಂದ ದೂರ ಕೂರಿಸಿ, ಇಲ್ಲದಿದ್ದರೆ ಸ್ಪೀಕರಿನಲ್ಲಿ ಗುಂಯ್‌ಗುಡುತ್ತದೆ. 16 ಎಂಎಂ ಯಂತ್ರದ ಫಿಲ್ಮಿನ ಧ್ವನಿಪಟ್ಟಿ ಓದುವ ಪುಟ್ಟ ಎಕ್ಸೈಟರ್ ಲ್ಯಾಂಪ್ ಬೇರೆಯೇ. ಅದರ ಸುದ್ದಿಗೆ ಹೋಗಬೇಡಿ.

ಯಾವ ಲ್ಯಾಂಪ್ ಹಾಕಿದರೂ ಮೊದಲ ಓಟ ಬೇಡದ ಫಿಲ್ಮಿನಲ್ಲೇ ಆಗಲಿ. ಖಾಲಿ ಯಂತ್ರವನ್ನು 10 ನಿಮಿಷ ಓಡಿಸಿ ಕಾಯಿಸಿ, ಆಮೇಲೆ ತುಂಡು ಫಿಲ್ಮ್ ಏರಿಸಿ, ಅತಿ ನಿಧಾನದ ವೇಗದಲ್ಲೂ ನೋಡಿ, ಏಕೆಂದರೆ ಮೋಟಾರಿನ ದಂಡಕ್ಕೇ ಕಚ್ಚಿಕೊಂಡ ಫ್ಯಾನು ಆಗ ನಿಧಾನವಾಗುತ್ತದೆ. ಕೊನೆಗೆ 30 ಸೆಕೆಂಡು ಚಿತ್ರ ನಿಲ್ಲಿಸಿ. ಸುಡುವುದಕ್ಕೂ ಮೊದಲು ಫಿಲ್ಮ್ ಉಬ್ಬಿಕೊಂಡು ಚಿತ್ರದ ನಡುಭಾಗ ತಟ್ಟನೆ ಮಸುಕಾಗುತ್ತದೆ. ಅದು ಕಂಡ ಕೂಡಲೇ ಲ್ಯಾಂಪ್ ಆರಿಸಿ, ಜಾಲರಿ ಫಲಕ ಪೂರ್ತಿ ಬೀಳುತ್ತಿದೆಯೇ, ಉಷ್ಣ ತಡೆಯುವ ಗಾಜು ಜಾಗದಲ್ಲಿದೆಯೇ ಎಂದು ನೋಡಿ.